ಒಗ್ಗರಣೆ ಇಲ್ಲದ ಹದಿನೈದು ದಿನ

ಮಾರ್ಚ್ 5, ಬುಧವಾರ

ಬೆಳಿಗ್ಗೆ ಮತ್ತೆ ರಾಗಿ ಅಂಬಲಿ. ಮಧ್ಯಾಹ್ನ ಅನ್ನ, ಬೆಂದ ತೊಗರಿಬೇಳೆ, ಉಪ್ಪು. ಅಷ್ಟೇ. ಸಾಸಿವೆ ಇಲ್ಲ, ಇಂಗಿಲ್ಲ, ಕರಿಬೇವಿಲ್ಲ. ಇದನ್ನು ಸಾರು ಅಂತ ಯಾವ ಬಾಯಲ್ಲಿ ಹೇಳಲಿ.

ಸೋಮವಾರ ಮಗಳು ಹರ್ಷಿತಳ ಹೊಟ್ಟೆ ಮೇಲೆ ನೀರುಗುಳ್ಳೆ ಕಂಡವು. ನಾಲ್ಕನೇ ಕ್ಲಾಸು, ಸ್ಕೂಲಿನಲ್ಲೇ ಯಾರಿಂದಲೋ ಅಂಟಿರಬೇಕು. ಅತ್ತೆ ನೋಡಿದವರೇ ಕೈ ಮುಗಿದರು. "ಅಮ್ಮ ಬಂದವಳೆ" ಅಂದರು. ಚಿಕನ್‌ಪಾಕ್ಸ್ ಅಂದದ್ದಕ್ಕೆ ನನ್ನ ಕೈಲಿ ಕೆನ್ನೆ ಬಡಿಸಿದರು. ಬಡಿದುಕೊಂಡೆ. ನನಗೆ ಆರನೇ ಕ್ಲಾಸಿನಲ್ಲೇ ಆಗಿ ಹೋಗಿದೆ, ಆಗ ನಮ್ಮಮ್ಮನೂ ಹೀಗೇ ಬಡಿಸಿದ್ದಳು.

ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಅವತ್ತಿನಿಂದ ಮೂರು ಜನ ಒಳಗೆ. ಹೊರಗಿನವರು ಬರಬಾರದು, ಒಳಗಿನವರು ಹೋಗಬಾರದು. ಒಗ್ಗರಣೆ ಹಾಕಬಾರದು, ಕರಿಯಬಾರದು, ಹುರಿಯಬಾರದು — ಆ ವಾಸನೆಗೆ ಅಮ್ಮ ಮುನಿಯುತ್ತಾಳೆ. ಇದು ಜಡಿಗೇನಹಳ್ಳಿಗೆಲ್ಲ ಇರುವ ಪದ್ಧತಿ. ನಮ್ಮ ಅತ್ತೆಯದು ಇನ್ನೊಂದಿದೆ: ಅಂಗಡಿಯಿಂದ ಒಂದು ಕಾಳೂ ಒಳಗೆ ಬರಬಾರದು. ಮನೆಯಲ್ಲಿ ಏನಿದೆಯೋ ಅದರಲ್ಲೇ ಆಗಬೇಕು.

ನಮ್ಮನೆಯವರು, ಬೈರೇಶ್, ಅವತ್ತು ಹಾಲಿನ ಟ್ಯಾಂಕರ್ ಡ್ಯೂಟಿಯಲ್ಲಿದ್ದರು. ಅತ್ತೆ ಫೋನ್ ಮಾಡಿ, "ನೀನ್ ಒಳಿಕ್ ಬರ್ಬೇಡ ಕಣಪ್ಪ, ಸೂಲಿಬೆಲೆಗೆ ನಿನ್ ತಂಗಿ ಮನೆಗೋಗು" ಅಂದರು. ಹೋದರು. ಎರಡು ಸಲ ಹೇಳಿಸಿಕೊಳ್ಳಲಿಲ್ಲ.

17ಕ್ಕೆ ಹೊಸ ಕೆಲಸಕ್ಕೆ ನನ್ನ ಜಾಯಿನಿಂಗ್. ಇನ್ನೂ ಹನ್ನೆರಡು ದಿನ ಇದೆ. ಆಗುತ್ತೆ.

ಮಾರ್ಚ್ 6, ಗುರುವಾರ

ಡಬ್ಬಗಳನ್ನೆಲ್ಲ ಇಳಿಸಿ ನೋಡಿದೆ. ರಾಗಿ ಹಿಟ್ಟು, ಅಕ್ಕಿ ಸಾಕಷ್ಟಿದೆ. ತೊಗರಿಬೇಳೆ ತಳ ಕಾಣುತ್ತಿದೆ, ಹೆಸರುಬೇಳೆ ಸ್ವಲ್ಪ ಇದೆ. ಹುರುಳಿಕಾಳು ದೊಡ್ಡ ಡಬ್ಬದ ತುಂಬ, ಹುಳ ಬಿದ್ದಿಲ್ಲ, ಪುಣ್ಯ. ಒಣ ಅವರೆಕಾಳು. ಅವಲಕ್ಕಿ. ಶ್ಯಾವಿಗೆ ಎರಡು ಪ್ಯಾಕೆಟ್. ಹುಣಸೆಹಣ್ಣು, ಬೆಲ್ಲ. ಹಪ್ಪಳ ಸಂಡಿಗೆ ಬೇಕಾದಷ್ಟು — ಕರಿಯುವ ಹಾಗಿಲ್ಲ, ನೋಡಿಕೊಂಡು ಕೂರಬೇಕು.

ಹುರುಳಿಕಾಳು ಬೇಯಿಸಿ ಕಟ್ಟು ಬಸಿದು ಉಪ್ಸಾರು ಮಾಡಿದೆ. ಒಣಮೆಣಸಿನಕಾಯಿಯನ್ನೂ ಕಾಳಿನ ಜೊತೆಗೇ ಬೇಯಿಸಿ, ಬೆಳ್ಳುಳ್ಳಿ ಹುಣಸೆ ಸೇರಿಸಿ ರುಬ್ಬಿದ ಖಾರ. ಮುದ್ದೆ. ಹರ್ಷಿತಳಿಗೆ ಮಾತ್ರ ಮೊಸರನ್ನ. ಮೊಸರು ಪಕ್ಕದ ಮನೆ ಆದಿಲಕ್ಷ್ಮಮ್ಮನದು, ಕಾಂಪೌಂಡ್ ಗೋಡೆ ಮೇಲೆ ಇಟ್ಟು ಹೋಗುತ್ತಾರೆ. ಮೊಸರು ತಂಪು, ಅದಕ್ಕೆ ಅಡ್ಡಿ ಇಲ್ಲವಂತೆ.

ಅತ್ತೆ ಉಂಡು, "ಚೆನ್ನಾಗೈತೆ" ಅಂದರು. ಮದುವೆಯಾದ ಹನ್ನೆರಡು ವರ್ಷದಲ್ಲಿ ಇದು ಮೂರನೇ ಸಲ.

ನಾನು ಸೇರಬೇಕಾದ ಪಿಲ್ಲಗುಂಪೆಯ ಕಂಪನಿ ರೆಡಿಮಿಕ್ಸ್ ಮಾಡುತ್ತದೆ. ಬಿಸಿನೀರು ಹಾಕಿದರೆ ಐದು ನಿಮಿಷಕ್ಕೆ ಉಪ್ಪಿಟ್ಟು, ಬಿಸಿಬೇಳೆಬಾತ್. ಹೊಸದನ್ನು ಮೊದಲು ಮಾಡಿ ನೋಡುವ ಸ್ಯಾಂಪಲ್ ಕಿಚನ್‌ನಲ್ಲಿ ನನ್ನ ಕೆಲಸ. ಇಂಟರ್‌ವ್ಯೂನಲ್ಲಿ ಮೇಡಂ ಕೇಳಿದರು, ತರಕಾರಿ ಇಲ್ಲದ ದಿನ ಮನೆಯಲ್ಲಿ ಏನು ಮಾಡ್ತೀರಾ ಅಂತ. ಒಂದೇ ಉಸಿರಿಗೆ ಒಂಬತ್ತು ಹೇಳಿದೆ. ನಗುತ್ತಾ ಬರೆದುಕೊಂಡರು. ಈಗ ಯೋಚನೆ ಮಾಡಿದರೆ ಆ ಒಂಬತ್ತರಲ್ಲಿ ಎಂಟಕ್ಕೆ ಒಗ್ಗರಣೆ ಬೇಕು.

ಮಾರ್ಚ್ 8, ಶನಿವಾರ

ಬೈರೇಶ್ ಎಳನೀರು ತಂದು ಗೇಟಿನ ಹತ್ತಿರ ಇಟ್ಟರು. ಶೇವ್ ಮಾಡಿದ ಮುಖ, ಇಸ್ತ್ರಿ ಶರ್ಟು. ನಾದಿನಿ ಮನೆಯಲ್ಲಿ ನೆನ್ನೆ ನಾಟಿಕೋಳಿ ಸಾರಂತೆ. ನನಗೆ ಯಾಕೆ ಹೇಳಬೇಕಿತ್ತು ಅದನ್ನು.

"ಮಗು ಹಿಂಗಿರುವಾಗ ನೀನು ಕೆಲ್ಸಕ್ಕೆ ಹೋಗ್ಲೇಬೇಕಾ?" ಅಂದರು.

"ಹದಿನೇಳಕ್ಕೆ ಸರಿಹೋಗಿರ್ತಾಳೆ."

"ಸರಿ. ನೋಡೋಣ."

ಇವರ ನೋಡೋಣ ನನಗೆ ಗೊತ್ತು. ಟೈಲರಿಂಗ್ ಮೆಷಿನ್ನಿಗೂ ನೋಡೋಣ ಅಂದಿದ್ದರು, ಅಂಗನವಾಡಿ ಅರ್ಜಿಗೂ ನೋಡೋಣ ಅಂದಿದ್ದರು. ಬೇಡ ಅನ್ನುವುದಿಲ್ಲ, ಬೇಡ ಅಂದರೆ ಜಗಳ ಆಡಬಹುದಲ್ಲ.

ಮಗುವಿಗೆ ತಲೆ ಮೇಲೆ ನೀರು ಹಾಕುವ ದಿನಗಳನ್ನು ಅತ್ತೆ ಹೇಳಿದ್ದಾರೆ. ಮಂಗಳವಾರ ಮೊದಲನೇ ನೀರು, ಶುಕ್ರವಾರ ಎರಡನೇದು, ಭಾನುವಾರ ಮೂರನೇದು. ಮೂರು ನೀರು ಬಿದ್ದರೆ ಅಮ್ಮ ಹೋದಳು ಅಂತ. ಭಾನುವಾರ ಅಂದರೆ 16. ನನ್ನ ಕ್ಯಾಲೆಂಡರ್ ನೋಡಿಕೊಂಡೇ ಬಂದ ಹಾಗಿದ್ದಾಳೆ.

ಮಾರ್ಚ್ 11, ಮಂಗಳವಾರ

ಮೊದಲನೇ ನೀರು ಆಯಿತು. ಬೇವಿನ ಸೊಪ್ಪು, ಅರಿಶಿನ ಹಾಕಿ ಬಿಸಿಲಿಗಿಟ್ಟ ನೀರು. ಗುಳ್ಳೆ ಒಣಗುತ್ತಿವೆ. ಹೊಸದು ಇಲ್ಲ. ಹುಡುಗಿ ಹಪ್ಪಳ ಬೇಕು ಅಂತ ಅರ್ಧ ಗಂಟೆ ಅತ್ತಳು.

ಅವಲಕ್ಕಿಗೆ ಹುಣಸೆಹುಳಿ, ಬೆಲ್ಲ, ಉಪ್ಪು ಕಲಸಿದೆ. ಗೊಜ್ಜವಲಕ್ಕಿ ಆಗಬೇಕಿತ್ತು. ನೆನೆದ ಹುಲ್ಲು ತಿಂದ ಹಾಗಾಯಿತು. ಮೂರು ಜನವೂ ನೀರು ಕುಡಿದು ಕುಡಿದು ನುಂಗಿದೆವು.

ಅಡುಗೆಮನೆ ಕಿಟಕಿಯಿಂದ ಆದಿಲಕ್ಷ್ಮಮ್ಮನ ಮನೆ ಗೋಡೆ ಕಾಣುತ್ತದೆ. ಹಿಂಬಾಗಿಲಿನಿಂದ ದನದ ಕೊಟ್ಟಿಗೆ ಗೋಡೆ. ಒಂಬತ್ತು ದಿನದಿಂದ ಎರಡೇ ಗೋಡೆ. ಕೂಗಿಕೊಳ್ಳಬೇಕು ಅನಿಸುತ್ತದೆ. ಕೂಗಿದರೆ ಅದಕ್ಕೂ ಏನೋ ಒಂದು ಪದ್ಧತಿ ಇರುತ್ತದೆ.

ಮಾರ್ಚ್ 12, ಬುಧವಾರ

ಮರೆತು ಹಾಕಿದೆ ಅಂತ ಅತ್ತೆಗೆ ಹೇಳಿದ್ದೇನೆ. ಇಲ್ಲಿ ಕೇಳುವವರು ಯಾರು — ಬೇಕು ಅಂತಲೇ ಹಾಕಿದೆ.

ಮಧ್ಯಾಹ್ನ ಅತ್ತೆ, ಹರ್ಷಿತ ಇಬ್ಬರೂ ಮಲಗಿದ್ದರು. ಅವರೆಕಾಳು ಬೆಂದಿತ್ತು. ನೋಡುತ್ತಾ ನಿಂತೆ. ಸೌಟಿನಲ್ಲಿ ಎಣ್ಣೆ, ಅರ್ಧ ಚಮಚ ಸಾಸಿವೆ, ಚಿಟಿಕೆ ಇಂಗು. ಚಟಪಟ ಅಂದಾಗ ಕಣ್ಣಲ್ಲಿ ನೀರು ಬಂತು. ಬಾಣಲೆಯಿಂದಲೇ ನಾಲ್ಕು ತುತ್ತು ತಿಂದೆ, ನಿಂತುಕೊಂಡೇ. ಐದನೇ ತುತ್ತಿಗೆ ಗೋಡೆ ಆಚೆಯಿಂದ ಅತ್ತೆಯನ್ನು ಕೂಗುವ ಆದಿಲಕ್ಷ್ಮಮ್ಮನ ಗಂಟಲು.

"ಗಂಗಲಕ್ಷ್ಮಮ್ಮೋ, ಯಾರ್ ಮನೇದೇ ಒಗ್ಗರಣೆ ವಾಸ್ನೆ?"

ಅತ್ತೆ ಯಾವಾಗ ಎದ್ದು ಬಂದರೋ, ನನ್ನ ಹಿಂದೆಯೇ ಇದ್ದರು. ನನ್ನ ಬಾಯಿ ನೋಡಿದರು, ಬಾಣಲೆ ನೋಡಿದರು.

"ನಂದೇ ಕಣೆ ಆದಿಲಕ್ಷ್ಮಿ. ವಯಸ್ಸಾಯ್ತಲ್ಲ, ಮರ್ತು ಹಾಕ್ಬಿಟ್ಟೆ" ಅಂದರು.

ಆಮೇಲೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಪ್ಪಾಯ್ತಲ್ಲ ಶಶಿ. ಇನ್ನೊಂದ್ ನೀರು ಜಾಸ್ತಿ ಹಾಕ್ಬೇಕು. ಮುಂದಿನ್ ಮಂಗಳವಾರ" ಅಂದರು.

ಮುಂದಿನ ಮಂಗಳವಾರ 18.

ಮಾರ್ಚ್ 13, ಗುರುವಾರ

ಹೆಚ್‌ಆರ್ ಮೇಡಂಗೆ ಫೋನ್ ಮಾಡಿದೆ. ಎರಡೇ ಎರಡು ದಿನ ತಡ ಆಗಬಹುದಾ ಅಂತ. "ಸೋಮವಾರನೇ ಬ್ಯಾಚ್ ಶುರು. ನೀವು ಬರ್ಲಿಲ್ಲ ಅಂದ್ರೆ ವೇಯ್ಟಿಂಗ್ ಲಿಸ್ಟಲ್ಲಿರೋರನ್ನ ತಗೋತೀವಿ ಶಶಿರೇಖಾ" ಅಂದರು. ಒರಟಾಗಿ ಹೇಳಲಿಲ್ಲ, ಅದೇ ಕಷ್ಟ.

ಅತ್ತೆಯನ್ನು ಕೇಳಿದೆ. ಕಾಲು ಹಿಡಿಯುವುದೊಂದು ಬಾಕಿ. "ಮಗೀಗೇನಾದ್ರೂ ಆದ್ರೆ?" ಅಂದರು. ಮಗು ಮಂಚದ ಮೇಲೆ ಕುಣಿಯುತ್ತಿದ್ದಳು.

ನಾಲ್ಕು ತುತ್ತು ಅವರೆಕಾಳಿಗೆ ಕೆಲಸ ಕಳೆದುಕೊಂಡೆ. ಯಾರ ಮೇಲೆ ಸಿಟ್ಟು ಮಾಡಲಿ. ಎಲ್ಲರ ಮೇಲೂ ಇದೆ. ಅತ್ತೆ, ಮಗ ಮಾತಾಡಿಕೊಂಡೇ ಮಾಡಿದ್ದಾರೆ ಅಂತಲೂ ಅನಿಸಿತು. ಬೈರೇಶ್‌ಗೆ ಹೇಳಿದಾಗ "ಹೋಗ್ಲಿ ಬಿಡು" ಅಂದ ದನಿಯಲ್ಲಿ ಸಮಾಧಾನ ಇತ್ತು. ನಾನು ಕಿವುಡಿ ಅಲ್ಲ.

ಮಾರ್ಚ್ 14, ಶುಕ್ರವಾರ

ಎರಡನೇ ನೀರು. ಶ್ಯಾವಿಗೆ ಬೇಯಿಸಿ ಬೆಲ್ಲ ಹಾಕಿದೆ. ಅತ್ತೆಯ ತಟ್ಟೆ ಇಟ್ಟು ಅಡುಗೆಮನೆಗೆ ಬಂದುಬಿಟ್ಟೆ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ

ಮೂರನೇ ನೀರು ಹಾಕಿ ಅತ್ತೆ ಬೇವಿನ ಸೊಪ್ಪು ಕಿತ್ತರು. "ಮುಗೀತು. ನಾಕ್ನೇ ನೀರು ಬೇಡ" ಅಂದರು.

ಯಾಕೆ ಅಂದೆ.

"ಅಮ್ಮ ಕನಸಲ್ ಬಂದು ಸಾಕು ಅಂದ್ಲು. ನಿಂಗ್ಯಾಕೆ ಅದೆಲ್ಲ? ನಾಳೆಗೆ ಸೀರೆ ಎತ್ತಿಟ್ಕೋ ಹೋಗು."

ಹಸಿರು ಸೀರೆ ತೆಗೆದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ. ಹರ್ಷಿತ ನಕ್ಕಳು, ಅಮ್ಮ ನೀನು ಸ್ಕೂಲಿಗೆ ಹೋಗ್ತೀಯಾ ಅಂತ.

ಅದೇ ದಿನ, ಸಂಜೆ 4

ಅತ್ತೆ ಮಧ್ಯಾಹ್ನ ಉಣ್ಣಲಿಲ್ಲ. ನೆನ್ನೆಯೂ ಸರಿಯಾಗಿ ಉಂಡಿಲ್ಲ, ನಾನು ಗಮನಿಸಿದ್ದರೆ ತಾನೆ. ಈ ಬಿಸಿಲಲ್ಲಿ ಸೆರಗನ್ನು ಕತ್ತಿನ ತನಕ ಹೊದ್ದುಕೊಂಡಿದ್ದರು. ಕಾಫಿ ಕೊಡುವಾಗ ಸೆರಗು ಜಾರಿತು. ಕತ್ತಿನಿಂದ ಕೆಳಗೆಲ್ಲ ನೀರುಗುಳ್ಳೆ.

"ಬೆವರುಗುಳ್ಳೆ ಕಣೆ."

ಹಣೆ ಮುಟ್ಟಿದೆ. ಸುಡುತ್ತಿತ್ತು. "ಯಾವಾಗಿಂದ ಅತ್ತೆ?"

"ಶುಕ್ರವಾರದಿಂದ. ನೀನ್ ನೋಡಿಲ್ಲ ಅನ್ಕೋ. ನಾಳೆ ನೀನ್ ಹೋದ್ಮೇಲೆ ನಾನೇ ಆದಿಲಕ್ಷ್ಮಿಗೆ ಹೇಳ್ತೀನಿ, ಈಗ್ ಬಂದ್ಲು ಅಂತ."

"ಅದಕ್ಕೇನಾ ಸಾಕು ಅಂದಿದ್ದು?"

"ಮತ್ತೆ? ನಂದೂ ಲೆಕ್ಕಕ್ ತಗಂಡ್ರೆ ಯುಗಾದಿವರ್ಗೂ ನೀನ್ ಆಚಿಕ್ ಹೋಗಂಗಿಲ್ಲ. ಇನ್ನ ಹದಿನೈದ್ ದಿನ ನಿನ್ ಮುಖ ನೋಡ್ಕಂಡಿರಕ್ಕೆ ನನ್ ಕೈಲಾಗಲ್ಲ ತಾಯಿ."

ನಕ್ಕೆ. ಆಮೇಲೆ ಅತ್ತೆ. ಎರಡು ದಿನ ಈ ಹೆಂಗಸಿನ ಮೇಲೆ ವಿಷ ಕಾರಿದ್ದೇನೆ, ಈ ಪುಸ್ತಕದಲ್ಲೇ ಇದೆ. ಅರವತ್ತಾರು ವರ್ಷ ಅವರಿಗೆ. ಜ್ವರದಲ್ಲಿ, ಒಂಬತ್ತು ವರ್ಷದ ಹುಡುಗಿಯನ್ನು ನೋಡಿಕೊಂಡು ಒಬ್ಬರೇ ಇರುತ್ತಾರಂತೆ. ಹೇಗೆ ಹೋಗಲಿ. ಮೊದಲು ಹೋಗಬೇಡ ಅಂದು ಕಟ್ಟಿಹಾಕಿದರು. ಈಗ ಹೋಗು ಅಂದು ಕಟ್ಟಿಹಾಕಿದ್ದಾರೆ.

ಸಂಜೆ 6

ಬೈರೇಶ್‌ಗೆ ಫೋನ್ ಮಾಡಿದೆ.

"ಅಮ್ಮ ಆಗಿರೋ ಮನೆಗೆ ನಾನೆಂಗ್ ಬರ್ಲಿ? ನೀನಿದ್ದೀಯಲ್ಲ ಶಶಿ."

"ನಿಮಗೆ ಐದನೇ ವರ್ಷಕ್ಕೇ ಆಗಿದೆಯಂತೆ. ಮತ್ತೆ ಬರಲ್ಲ. ಅತ್ತೆನೇ ಹೇಳಿದ್ರು."

"ಅದಲ್ಲ, ಪದ್ಧತಿ ಅಂತ ಒಂದೈತಲ್ಲ. ನಾಳೆ ಡ್ಯೂಟಿ ಬೇರೆ—"

"ರಜ ಹಾಕಿ. ಬೆಳಿಗ್ಗೆ ಅತ್ತೇನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು, ಈ ವಯಸ್ಸಲ್ಲಿ ಇದು ಆಟ ಅಲ್ಲ. ನಂದು ಕಂಪನಿ ವ್ಯಾನು ಏಳಕ್ಕೆ. ಆರೂವರೆಗೆ ಬನ್ನಿ. ನೀವು ಬರ್ಲಿಲ್ಲ ಅಂದ್ರೆ ನಾನು ಹೋಗಲ್ಲ. ಅತ್ತೇನ ಹಿಂಗೆ ಬಿಟ್ಟು ಹೋಗೋಳಲ್ಲ ನಾನು. ಆದ್ರೆ ಯಾರಿಂದ ಹೋಗ್ಲಿಲ್ಲ ಅನ್ನೋದು ಸಾಯೋವರ್ಗೂ ಮರೆಯಲ್ಲ."

ನೋಡೋಣ ಅಂದರು.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 6.35

ಸೀರೆ ಉಟ್ಟಿದ್ದೇನೆ. ಬರಲಿಲ್ಲ.

6.45

ಬೈಕಿನ ಸದ್ದು. ಗೇಟಿನ ಆಚೆ ನಿಂತಿದ್ದಾರೆ. ಒಳಗೆ ಬರುತ್ತಿಲ್ಲ. "ಅಮ್ಮನ್ನ ನೀನೇ ಆಚೆ ಕರ್ಕೊಂಡ್ ಬಾ" ಅನ್ನುತ್ತಿದ್ದಾರೆ. ಆಸ್ಪತ್ರೆ ತೆಗೆಯುವುದು ಒಂಬತ್ತಕ್ಕೆ. ಅತ್ತೆ ಮಂಚದಿಂದಲೇ ಕೂಗಿದರು. "ಲೇ ಬೈರಾ, ಪದ್ಧತಿ ಮಾಡ್ದೋಳು ನಾನು. ನಾನೇ ಹೇಳ್ತಾ ಇದೀನಿ, ಒಳಿಕ್ ಬಾ."

6.52

ಬಂದರು. ಅಡುಗೆಮನೆಯಲ್ಲಿ ನಿಂತು ಡಬ್ಬಗಳನ್ನು ನೋಡುತ್ತಿದ್ದಾರೆ, ಯಾರದೋ ಮನೆಗೆ ಬಂದ ಹಾಗೆ. "ಮಧ್ಯಾಹ್ನಕ್ಕೆ ಏನ್ ಮಾಡ್ಲಿ? ನಂಗೇನ್ ಗೊತ್ತು ಇದೆಲ್ಲ" ಅಂದರು. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಬೇರೆ ಕಾಗದ ಹುಡುಕಲು ಟೈಮಿಲ್ಲ. ಈ ಪುಟದ ಕೆಳಗೆ ಬರೆದು ಹರಿದು ಒಲೆ ಹತ್ತಿರ ಇಡುತ್ತೇನೆ. ಮೇಲಿನದನ್ನು ಓದಿದರೆ ಓದಿಕೊಳ್ಳಲಿ.

ರೀ, ಅಕ್ಕಿ ಒಂದು ಲೋಟ, ಹೆಸರುಬೇಳೆ ಕಾಲು ಲೋಟ. ಹೆಸರುಬೇಳೆ ಎಡಗಡೆ ಕೆಳಗಿನ ಸಾಲಿನಲ್ಲಿದೆ, ಹನ್ನೆರಡು ವರ್ಷದಿಂದ ಅಲ್ಲೇ ಇದೆ. ಎರಡು ಸಲ ತೊಳೆಯಿರಿ. ಆರು ಲೋಟ ನೀರು, ಚೂರು ಅರಿಶಿನ. ಉಪ್ಪು ಆಮೇಲೆ. ಸಾಸಿವೆ ಡಬ್ಬ ಮುಟ್ಟಬೇಡಿ. ಅತ್ತೆಗೆ ಮೊದಲು ಕೊಡಿ. ಬೇಡ ಅಂತಾರೆ, ಕೇಳಬೇಡಿ. ಹರ್ಷಿತಳಿಗೆ ಬೆಲ್ಲ ಹಾಕಿ. ವ್ಯಾನ್ ಹಾರ್ನ್ ಹೊಡೆಯುತ್ತಿದೆ. ಕುಕ್ಕರ್ ನಾಲ್ಕು ಸಲ ಕೂಗಿದ ಮೇಲೆ ಒಲೆ ಆರಿಸಿ, ಮುಚ್ಚಳ ತಕ್ಷಣ ತೆಗೆಯಬೇಡಿ. ಹೊರಟೆ.