ಮೊಣ್ಣಪ್ಪ ಮಾವನಿಗೆ ಮರೆವು ಇರಲಿಲ್ಲ

ಕಲೆಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿಟ್ಟಿರುವ ಮಾನ್ಯ ಶಾಲಾ ಪರಿವೀಕ್ಷಕರೇ,

ನಮ್ಮೂರಿನ ಉತ್ತಯ್ಯ ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ತೀರಿಕೊಂಡರು. ದುಡಿ ಎಂಬ ನಮ್ಮ ಪುಟ್ಟ ಕೈವಾದ್ಯ ಬಡಿದು ಹಾಡುವ ಹಾಡಿಲ್ಲದೆ ಅವರ ಹೆಣ ಮನೆಯಿಂದ ಹೊರಟಿತು. ಅದಕ್ಕೆ ಕಾರಣ ತಾವು. ಇಷ್ಟು ನೇರವಾಗಿ ಹೇಳುವುದು ಸಭ್ಯತೆಯಲ್ಲ, ಗೊತ್ತು. ಸಭ್ಯವಾಗಿ ಬರೆದ ಎರಡು ಮನವಿಗಳು ಮಡಿಕೇರಿಯ ತಮ್ಮ ಕಚೇರಿಗೆ ಹೋಗಿ ಅಲ್ಲೇ ಮಲಗಿವೆ. ಆದ್ದರಿಂದ ಇದನ್ನು ನಾಲ್ಕು ಜನ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ದಕ್ಷಿಣ ಕೊಡಗಿನ ಬಾಳೆಲೆ ಕಡೆಯ ಒಂದು ಶಾಲೆಯ ಮೇಷ್ಟ್ರು. ತಾವು ಗೊತ್ತುಮಾಡಿದ ಪಾಠವನ್ನು ಪ್ರತಿವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಚಿತ್ರಕ್ಕೆ ರೇಖೆ ಮತ್ತು ಬಣ್ಣ, ಶಿಲ್ಪಕ್ಕೆ ಗಾತ್ರ, ಸಂಗೀತಕ್ಕೆ ಸ್ವರ ಮತ್ತು ತಾಳ, ನೃತ್ಯಕ್ಕೆ ಅಂಗಚಲನೆ, ಕಾವ್ಯಕ್ಕೆ ಶಬ್ದ ಮತ್ತು ಅರ್ಥ. ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಸಂಬಾರ ಡಬ್ಬಿಯ ಹಾಗೆ ಒಂದೊಂದಕ್ಕೂ ಒಂದೊಂದು ಖಾನೆ. ಜೀರಿಗೆ ಹೋಗಿ ಮೆಣಸಿಗೆ ಬೀಳುವ ಭಯವಿಲ್ಲ. ಇಂಥ ಪಾಠ ಕಲಿಸುತ್ತ ಕಲಿಸುತ್ತ, ವಾರಕ್ಕೊಮ್ಮೆ ನಮ್ಮ ದುಡಿಯ ಹಾಡನ್ನೂ ಕಲಿಸಬಾರದೇಕೆ ಎಂಬ ದುರ್ಬುದ್ಧಿ ನನಗೆ ಬಂತು. ಅನುಮತಿ ಕೇಳಿದೆ. ಕೊಡಗು ಪುಟ್ಟ ರಾಜ್ಯವಾದರೂ ಈಗ ನಮ್ಮದೇ ಸರ್ಕಾರ, ನಮ್ಮ ಹಾಡಿಗೆ ಒಂದು ಮೂಲೆ ಸಿಕ್ಕೀತು ಎಂದುಕೊಂಡಿದ್ದೆ. ಎಂಥ ಆಸೆ ನೋಡಿ!

ತಾವು ಪರೀಕ್ಷಿಸಲು ಬಂದಿರಿ. ನನ್ನ ಸೋದರಮಾವ ಮೊಣ್ಣಪ್ಪ, ಅವರ ಜೊತೆಗಾರ ಉತ್ತಯ್ಯ, ಎದುರು ಜೋಡಿಯ ಪೊನ್ನಪ್ಪ ಮತ್ತು ಪೂವಯ್ಯ, ನಾಲ್ವರೂ ಕುಪ್ಯದ ನಿಲುವಂಗಿ ತೊಟ್ಟು, ದುಡಿ ಹಿಡಿದು ಬೆಳಿಗ್ಗೆಯೇ ಬಂದು ಕಾದಿದ್ದರು. ತಮ್ಮ ಮೊದಲ ಪ್ರಶ್ನೆ, ಇದು ಯಾವ ಕಲೆ? ಸಂಗೀತವೋ, ಕಾವ್ಯವೋ, ವಾದ್ಯವೋ? ಮೂರೂ ಎಂದೆ. ಹಾಗೆ ಬರೆಯಲು ಜಾಗವಿಲ್ಲ ಎಂದಿರಿ. ಕಡೆಗೆ ಸಂಗೀತವೆಂದು ತಾವೇ ತೀರ್ಮಾನಿಸಿ, ಸ್ವರ ಶುದ್ಧವಾಗಿ ಕೇಳಬೇಕೆಂದು ದುಡಿಗಳನ್ನು ಕೆಳಗಿಡಿಸಿದಿರಿ. ಒಬ್ಬೊಬ್ಬರೇ ಹಾಡಲಿ ಎಂದು ಮೊಣ್ಣಪ್ಪ ಮಾವನನ್ನು ಒಳಗೆ ನಿಲ್ಲಿಸಿಕೊಂಡು ಉಳಿದವರನ್ನು ಹೊರಗೆ ಕಳಿಸಿದಿರಿ.

ಮಾವ ಒಂದು ಸಾಲು ಹಾಡಿ ನಿಂತರು. ತಾವು ಕಾದಿರಿ. ಅವರೂ ಕಾದರು. ನಮ್ಮಲ್ಲಿ ಒಂದು ಜೋಡಿ ಹಾಡಿದ ಸಾಲನ್ನು ಎದುರಿನ ಜೋಡಿ ಎತ್ತಿ ಹಾಡಬೇಕು. ಅವರು ಹಾಡುವಷ್ಟರಲ್ಲಿ ಮೊದಲಿನವರ ನಾಲಿಗೆಗೆ ಮುಂದಿನ ಸಾಲು ಬಂದಿರುತ್ತದೆ. ಮಾವ ನಲವತ್ತು ವರ್ಷ ಹಾಡಿದ್ದು ಹಾಗೆಯೇ. ಬರಿಗೈಯಲ್ಲಿ, ಒಂಟಿಯಾಗಿ, ಮೇಜಿನ ಎದುರು ನಿಂತು ಅಲ್ಲ. ಅವರು ಅದೇ ಸಾಲನ್ನು ಮತ್ತೊಮ್ಮೆ ಹಾಡಿ ಮತ್ತೆ ನಿಂತರು. ಆಗ ಹೊರಗೆ ಹಲಸಿನ ಮರದ ಕೆಳಗಿದ್ದ ಪೊನ್ನಪ್ಪ, ಪೂವಯ್ಯ ತಡೆಯಲಾರದೆ ಅಲ್ಲಿಂದಲೇ ಆ ಸಾಲು ಎತ್ತಿದರು. ಮಾವನ ಮುಖ ಅರಳಿತು. ತಾವು ಜವಾನನನ್ನು ಓಡಿಸಿ ಅವರ ಬಾಯಿ ಮುಚ್ಚಿಸಿದಿರಿ.

"ಯಜಮಾನರಿಗೆ ಮರೆವಿನ ಕಾಯಿಲೆ ಇದೆ. ಮರೆತುಹೋಗುವವರು ಮಕ್ಕಳಿಗೆ ಏನು ಕಲಿಸುತ್ತಾರೆ?" ಎಂದು ಎಲ್ಲರೆದುರು ಹೇಳಿದಿರಿ. ನಾನು ವಿವರಿಸಲು ಬಾಯಿ ತೆರೆದೆ. ತಮಗೆ ಪೊನ್ನಂಪೇಟೆಯಲ್ಲಿ ಊಟಕ್ಕೆ ಹೊತ್ತಾಗಿತ್ತು.

ಅನುಮತಿ ಸಿಗಲಿಲ್ಲ. ಅದು ಹೋಗಲಿ, ನಮಗೆ ಸಿಗದ್ದು ಬಹಳಷ್ಟಿದೆ. ಆದರೆ ತಾವು ಹೇಳಿದ್ದನ್ನು ಮೊಣ್ಣಪ್ಪ ಮಾವ ನಂಬಿಬಿಟ್ಟರು! "ಇರಬಹುದು ಮೋನೇ, ವಯಸ್ಸಾಯ್ತಲ್ಲ. ಓದಿದವ್ರು ಸುಮ್ಮನೆ ಹೇಳ್ತಾರಾ?" ಎಂದು ನನಗೇ ಸಮಾಧಾನ ಹೇಳಿದರು. ಆ ವರ್ಷದ ಪುತ್ತರಿಯ ಸುಗ್ಗಿಹಬ್ಬಕ್ಕೆ ಅವರು ದುಡಿ ಮುಟ್ಟಲಿಲ್ಲ. ಮದುವೆಗೆ ಕರೆದರೆ ಕಾಲುನೋವು ಎಂದರು.

ಆಮೇಲೆ ಉತ್ತಯ್ಯ ಹೋದರು. ಜೀವಮಾನವೆಲ್ಲ ಮಾವನ ಪಕ್ಕದಲ್ಲಿ ಕೂತು ಹಾಡಿದವರು. ಸತ್ತವರ ಬದುಕನ್ನು ಹುಟ್ಟಿನಿಂದ ಹಾಡಿ ಕಳಿಸುವುದು ನಮ್ಮ ಪದ್ಧತಿ, ಮತ್ತು ಉತ್ತಯ್ಯನ ಬದುಕನ್ನು ಮೊಣ್ಣಪ್ಪ ಮಾವನಷ್ಟು ಬಲ್ಲವರು ಊರಲ್ಲಿಲ್ಲ. ಪೊನ್ನಪ್ಪ, ಪೂವಯ್ಯ ಎದುರಿಗೆ ದುಡಿ ಹಿಡಿದು, ಮಾವ ಮೊದಲ ಸಾಲು ಎತ್ತಲೆಂದು ಕಾಯುತ್ತ ಕೂತರು. ಮಾವ ದುಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು.

ಉತ್ತಯ್ಯನ ಹೆಂಡತಿ ತಂಗಮ್ಮ ಎದ್ದು ಬಂದರು. "ಮೊಣ್ಣಪ್ಪಣ್ಣ, ಒಂದು ಸಾಲಾದ್ರೂ ಎತ್ತಿ. ಹೀಗೆ ಸುಮ್ಮನೆ ಕಳಿಸ್ಲಿಕ್ಕೆ ಆಗ್ತದಾ ಅವರನ್ನ?"

"ನಡುವಲ್ಲಿ ಮರ್ತು ನಿಂತ್ರೆ ಸತ್ತವನಿಗೆ ಅವಮಾನ ಅಲ್ವಾ ತಂಗಮ್ಮ? ಸಾಹೇಬ್ರು ಹೇಳಿದ್ದಾರಲ್ಲ, ನನಗೆ ಮರೆವು ಅಂತ."

ಹೊರಗೆ ಪದ್ಧತಿಯಂತೆ ಕೋವಿಯ ಗುಂಡು ಹಾರಿಸಿದರು, ಹೆಣ ಎತ್ತಿದರು. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು, ಇವತ್ತಿಗೂ ಇಳಿದಿಲ್ಲ.

ಈಗ ತಮ್ಮ ಕಚೇರಿಯಿಂದ ತಂಗಮ್ಮನಿಗೆ ಹೇಳಿಕಳಿಸಿದ್ದೀರಂತೆ. ಮಡಿಕೇರಿಯ ಪ್ರದರ್ಶನಕ್ಕೆ ಉತ್ತಯ್ಯನ ದುಡಿ ಬೇಕಂತೆ. ಮರ ಮತ್ತು ಚರ್ಮದ ಕರಕುಶಲ ವಿಭಾಗದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರಂತೆ. ಅಂತೂ ದುಡಿಗೆ ಒಂದು ಖಾನೆ ಸಿಕ್ಕಿತು, ಸಂತೋಷ. ಹಾಡುವವರನ್ನು ಯಾವ ವಿಭಾಗದಲ್ಲಿ ಇಡುತ್ತೀರಿ?

ದುಡಿ ಕೊಡುವುದಿಲ್ಲ. ತರಗತಿಯನ್ನೂ ಇನ್ನು ಕೇಳುವುದಿಲ್ಲ. ಕಲಿಸುವವರ ಬಾಯಿ ಕಟ್ಟಿದ ಮೇಲೆ ತರಗತಿ ಯಾತಕ್ಕೆ? ನಾನು ಒತ್ತಾಯಿಸುವುದು ಒಂದನ್ನೇ. ತಾವು ನಮ್ಮೂರಿಗೆ ಬಂದು, ಮೊಣ್ಣಪ್ಪ ಮಾವನ ಎದುರು ಕೂತು, "ನಿಮಗೆ ಮರೆವು ಇರಲಿಲ್ಲ, ತಪ್ಪು ನನ್ನದು" ಎಂದು ತಮ್ಮ ಬಾಯಿಂದಲೇ ಹೇಳಬೇಕು. ಅವರ ಹೆಂಡತಿ ಹೇಳಿ ನೋಡಿದರು, ನಾನು ಹೇಳಿ ನೋಡಿದೆ. ಅವರು ನಂಬುವುದು ತಾವು ಹೇಳಿದ್ದನ್ನು ಮಾತ್ರ. ತಾವು ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಸಂಜೆಯ ಬಸ್ಸು ನಿಂತ ಸದ್ದಾದರೆ ಅವರು ಜಗಲಿಯಲ್ಲಿ ಎದ್ದು ನಿಂತು ದಾರಿ ನೋಡುತ್ತಾರೆ. ಸಾಹೇಬರು ಇನ್ನೊಮ್ಮೆ ಪರೀಕ್ಷೆ ಮಾಡಲು ಬಂದರೇನೋ ಎಂದು.

ಇಂತಿ,
ಸಂಗೀತಕ್ಕೆ ಸ್ವರ ಮತ್ತು ತಾಳ ಎಂದು ನಾಳೆಯೂ ಕಲಿಸಲಿರುವ,
ಬಾಳೆಲೆ ಕಡೆಯ ಒಬ್ಬ ಮೇಷ್ಟ್ರು