ಕವುಚಿಟ್ಟ ಸರಿಹಿಟ್ಟಿನ ಡಬ್ಬಿ

ತುಮಕೂರು, ಸೋಮವಾರ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಾಪುವಿನ ಮುಖ ಊದಿದ್ದು ನಿಮ್ಮ ರಾಗಿ ಸರಿಯಿಂದಲ್ಲ, ಮೊಟ್ಟೆಯಿಂದ. ಡಾಕ್ಟರ್ ಪರೀಕ್ಷೆ ಮಾಡಿಸಿ ಹೇಳಿದರು. ನಮ್ಮ ಮನೆಯೊಳಗೆ ಮೊಟ್ಟೆ ತರುವ ಹಾಗಿಲ್ಲವೆಂದು ಪಕ್ಕದ ಮನೆಯ ನಜೀರಾ ಅವರಲ್ಲಿ ಬೇಯಿಸಿಕೊಂಡು, ಅಲ್ಲೇ ಕೂತು ನಾನೇ ತಿನ್ನಿಸಿದ್ದೆ. ನೀವು ಪಾಪುವಿಗೆ ಸರಿ ಕುಡಿಸುವ ಬೆಳ್ಳಿ ಒಳಲೆಯನ್ನು ಮಾತ್ರ ಅದಕ್ಕೆ ಮುಟ್ಟಿಸಲಿಲ್ಲ.

ನಿಮ್ಮ ಮಗ ನಿಮ್ಮನ್ನು ಬೈಯುವಾಗ ಸುಮ್ಮನಿದ್ದೆ. “ನನ್ ಕೈಗುಣನೇ ಚೆನ್ನಾಗಿಲ್ಲ ಬುಡವ್ವ” ಎಂದು ನೀವು ಹಿಟ್ಟಿನ ಡಬ್ಬಿ ತೊಳೆದು ಕವುಚಿಟ್ಟು, ಅಮೃತೂರಿನ ಬಸ್ ಹತ್ತಿದಿರಿ. ಆಗಲೂ ಸುಮ್ಮನಿದ್ದೆ.

ನಿನ್ನೆ ಅವರಿಗೆ ಎಲ್ಲ ಹೇಳಿದೆ. ಪಾಪು ಅಂಗಡಿಯ ಹಿಟ್ಟನ್ನು ಉಗುಳುತ್ತಾನೆ. ಸರಿಹಿಟ್ಟನ್ನು ಯಾರ ಹತ್ತಿರವೂ ಕಳಿಸಬೇಡಿ. ನನ್ನೊಡನೆ ಮಾತಾಡದಿದ್ದರೂ ಪರವಾಗಿಲ್ಲ, ನೀವೇ ತಂದು ನಿಮ್ಮ ಕೈಯಾರೆ ತಿನ್ನಿಸಿ.

ನಿಮ್ಮ ಸೊಸೆ,
ಸಿಂಚನಾ