ಹವಳಕುದ್ರಿಗೆ ಮೂರು ಚೀಟಿ

ಕಾಪು ಮೇಲ್ದಂಡೆ
ಗಾಳಿತಿಂಗಳ ಮೂವತ್ತನಾಲ್ಕನೆಯ ದಿನ
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು

ನೂರೈವತ್ತು ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ,

ಮೇಲಿನ ತಾರೀಕನ್ನು ಕಂಡು ಗಾಬರಿಯಾಗಬೇಡಿ. ಮಳೆ ತನ್ನ ಜಾಗ ಬಿಟ್ಟು ಸರಿದ ಮೇಲೆ ಪಂಚಾಂಗದವರು ಭಾದ್ರಪದಕ್ಕೂ ಆಶ್ವಯುಜಕ್ಕೂ ನಡುವೆ ನಲವತ್ತೊಂದು ದಿನದ ಒಂದು ತಿಂಗಳನ್ನು ಸೇರಿಸಿದರು. ಆಗ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಬರೀ ಗಾಳಿ. ನಮ್ಮಲ್ಲಿ ಅರವತ್ತೈದು ತುಂಬಿದವರು ಒಂದು ಹಿಂದೋಲೆ ಬರೆಯಬೇಕೆಂಬ ರೂಢಿ ಉಂಟು. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಕಾಗದ. ಅದು ನಿಮಗೆ ತಲುಪುತ್ತದೆಂದು ಯಾರೂ ನಂಬಿಲ್ಲ, ಆದರೂ ಬರೆಯುವುದನ್ನು ಯಾರೂ ಬಿಟ್ಟಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತವೆನಿಸಬಹುದು. ಕ್ಷಮೆಯಿರಲಿ. ಆದಷ್ಟು ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ಭುಜಂಗ ಕರ್ಕೇರ. ಮೂವತ್ತೊಂಬತ್ತು ವರ್ಷ ಗಾಳಿಗದ್ದೆಯಲ್ಲಿ ಗಾಳಿ ಓದುವ ಕೆಲಸ ಮಾಡಿದೆ. ಕಡಲಿನ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ವಿಸ್ತಾರವನ್ನು ನಾವು ಗಾಳಿಗದ್ದೆ ಎನ್ನುತ್ತೇವೆ. ಯಾವ ಗಾಳಿ ಎಷ್ಟು ಹೊತ್ತಿಗೆ ಬಂದು ಎತ್ತ ಹೋಗುತ್ತದೆಂದು ಹೇಳುವುದು ನನ್ನ ಕಸುಬು. ಕಸುಬಿನ ಜೊತೆಗೆ ಒಂದು ಹುಚ್ಚೂ ಅಂಟಿಕೊಂಡಿತ್ತು. ನೀವು ಕೈಟ್‌ಬೋರ್ಡಿಂಗ್ ಎನ್ನುತ್ತಿದ್ದ ಆಟವನ್ನು ನಾವು ಪಟಸವಾರಿ ಎನ್ನುತ್ತೇವೆ: ಕಾಲಡಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಕಟ್ಟಿದ ನಾಲ್ಕು ಉದ್ದ ಹಗ್ಗಗಳ ತುದಿಯಲ್ಲಿ ಆಳೆತ್ತರ ಮೀರಿದ ಗಾಳಿಪಟ. ಪಟ ಎಳೆದತ್ತ ನೀರಿನ ಮೇಲೆ ಹಾರುತ್ತ ಸಾಗುವುದು.

ಈ ಆಟಕ್ಕೆ ದಡದಲ್ಲಿ ಇನ್ನೊಬ್ಬರು ಬೇಕೇ ಬೇಕು. ಸವಾರ ಸಿದ್ಧನಾಗುವವರೆಗೆ ಪಟವನ್ನು ಹಿಡಿದು ನಿಲ್ಲಬೇಕು, ಅವನು ಹೆಬ್ಬೆರಳು ಎತ್ತಿದಾಗ ಬಿಡಬೇಕು, ಹಿಂತಿರುಗಿ ಬಂದು ತಲೆ ತಟ್ಟಿಕೊಂಡಾಗ ಇಳಿಯುವ ಪಟವನ್ನು ಓಡಿಹೋಗಿ ಹಿಡಿಯಬೇಕು. ಇವರನ್ನು ದಡಗಾರರು ಎನ್ನುತ್ತೇವೆ. ನನ್ನ ದಡಗಾರ್ತಿ ನನ್ನ ಹೆಂಡತಿ ಸುಗಂಧಿ. ಮದುವೆಯಾದಂದಿನಿಂದ ಮೂವತ್ತಾರು ವರ್ಷ ಅವಳೇ ನನ್ನ ಪಟ ಹಿಡಿದಳು. ಮಗಳು ತಾರಿಣಿ ದೊಡ್ಡವಳಾದ ಮೇಲೆ ಅವಳದ್ದನ್ನೂ, ಮೊಮ್ಮಗಳು ಇಂಚರ ಕಲಿತ ಮೇಲೆ ಅವಳದ್ದನ್ನೂ.

ಹೋದ ವರ್ಷ ಹವಳಕುದ್ರಿಗೆ ನಮ್ಮ ಸರದಿ ಬಂತು. ಕುದ್ರು ಎಂದರೆ ನೀರು ಸುತ್ತಿದ ನೆಲ, ಈ ಪದ ನಿಮ್ಮ ಕಾಲದ್ದೇ. ಆದರೆ ಈ ಕುದ್ರು ನಿಮ್ಮ ಕಾಲದ್ದಲ್ಲ. ಮುಳುಗಿಹೋದ ದ್ವೀಪವೊಂದರ ಬೆನ್ನ ಮೇಲೆ ಮೂರು ತಲೆಮಾರು ಹವಳ ನೆಟ್ಟು ಎಬ್ಬಿಸಿದ ನೆಲ ಅದು. ಪಟಹಡಗಿನಲ್ಲಿ ಮೂರು ದಿನದ ದಾರಿ. ತೆಂಗು, ಬಿಳಿ ಮರಳು, ಹವಳದ ಗೋಡೆಯೊಳಗೆ ಎದೆಮಟ್ಟದ ತಿಳಿನೀರು. ಹವಳ ಇನ್ನೂ ಎಳೆಯದಾದ್ದರಿಂದ ಒಂದು ಕುಟುಂಬಕ್ಕೆ ಏಳು ವರ್ಷಕ್ಕೊಮ್ಮೆ ಸರದಿ, ಮೂರೇ ಗಾಳಿಚೀಟಿ, ಎಂದರೆ ಪಟಸವಾರಿಗೆ ನೀರಿಗಿಳಿಯುವ ಪರವಾನಗಿ. ಚೀಟಿಯಲ್ಲಿ ಸವಾರರ ಹೆಸರೂ ತೂಕವೂ ಇರುತ್ತದೆ. ಒಬ್ಬರ ಚೀಟಿಯಲ್ಲಿ ಇನ್ನೊಬ್ಬರು ನೀರಿಗಿಳಿಯುವಂತಿಲ್ಲ. ಅರವತ್ತೈದು ತುಂಬಿದ ಮೇಲೆ ಯಾವ ನೀರಿಗೂ ಚೀಟಿ ಕೊಡುವುದಿಲ್ಲ. ನನಗೆ ಆಗ ಅರವತ್ತನಾಲ್ಕು. ಅದು ನನ್ನ ಕೊನೆಯ ಹವಳಕುದ್ರು.

ಎರಡು ತಿಂಗಳ ಮೊದಲೇ ಯೋಜನೆ ಶುರುವಾಯಿತು. ತಾರಿಣಿಯ ಗಂಡನಿಗೆ ಹವಳ ಕಾಯುವ ಪಾಳಿ ಇದ್ದುದರಿಂದ ಅವನು ಬರುವಂತಿರಲಿಲ್ಲ. ನಾವು ನಾಲ್ವರು. ಒಂದು ಭಾನುವಾರ ಬೆಳಗ್ಗೆ ಚಾವಡಿಯಲ್ಲಿ ನನ್ನ ಗಾಳಿನಕ್ಷೆಗಳನ್ನು ಹರವಿ, ಯಾವ ವಾರ ಹೊರಡುವುದು, ಎಷ್ಟು ದೊಡ್ಡ ಪಟ ಒಯ್ಯುವುದು ಎಂದು ಲೆಕ್ಕ ಹಾಕುತ್ತಿದ್ದೆ. ಹನ್ನೊಂದು ವರ್ಷದ ಇಂಚರ ಅರ್ಜಿ ತುಂಬುತ್ತಿದ್ದಳು. ಸುಗಂಧಿ ಪಕ್ಕದಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದಳು.

"ಅಜ್ಜ ಎಪ್ಪತ್ತೆರಡು ಕಿಲೋ," ಎಂದು ಇಂಚರ ಬರೆದಳು. "ಅಜ್ಜಿಯ ತೂಕ ಎಷ್ಟು?"

"ಅಜ್ಜಿದು ಎಂತಕ್ಕೆ?" ಎಂದೆ ನಾನು. "ಅಜ್ಜಿ ದಡದಲ್ಲಿ ಅಲ್ವಾ ಇರುವುದು?"

ಸುಗಂಧಿ ಕೈಯ ಮೇಣವನ್ನು ಎಣ್ಣೆಯಲ್ಲಿ ಉಜ್ಜಿಕೊಂಡಳು. "ಐವತ್ತೆಂಟು," ಎಂದಳು. "ಬರಿ, ಮಗಾ."

ನಾನು ನಕ್ಕೆ. ಅವಳು ನಗಲಿಲ್ಲ. ಇಂಚರ ಪೆನ್ನು ಎತ್ತಿಹಿಡಿದು ನಮ್ಮಿಬ್ಬರನ್ನೂ ನೋಡುತ್ತ ಕೂತಳು.

ನಿನಗೆ ವಯಸ್ಸು ಅರವತ್ತೊಂದಾಯಿತು ಎಂದೆ. ಮಣಿಕಟ್ಟು ನೋಯುತ್ತದೆಂದು ನೀನೇ ಹೇಳುತ್ತೀ ಎಂದೆ. ಗಾಳಿ ಎಳೆದರೆ ತಡೆಯಲು ಬಲ ಬೇಕು ಎಂದೆ.

"ನಿಮ್ಮ ಪಟವನ್ನು ಇಷ್ಟು ವರ್ಷ ಹಿಡಿದದ್ದು ಯಾರ ಕೈ, ಮಾರಾಯ್ರೆ?" ಎಂದಳು. "ಮದುವೆಯಾದ ವರ್ಷ ಒಂದು ಸಲ ಕೇಳಿದ್ದೆ. ಬರುವ ವರ್ಷ ನೋಡುವ ಅಂದಿರಿ. ನಿಮಗೆ ನೆನಪಿಲ್ಲ. ಇರಲಿ."

ನಿಜವಾಗಿಯೂ ನನಗೆ ನೆನಪಿರಲಿಲ್ಲ. ಇಂದಿಗೂ ನೆನಪಾಗಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ.

ಮೂರು ಚೀಟಿ, ನಾಲ್ವರು. ನಾನು ತಕ್ಷಣ ನನ್ನ ಹೆಸರು ಹೊಡೆದುಹಾಕಿದೆನೆಂದು ಬರೆಯಲು ಈಗ ಮನಸ್ಸಾಗುತ್ತದೆ, ಆದರೆ ಹಾಗಾಗಲಿಲ್ಲ. ಒಂಬತ್ತು ದಿನ ಮುಖ ಊದಿಸಿಕೊಂಡು ತಿರುಗಿದೆ. ನಾಲ್ಕನೆಯ ಚೀಟಿ ಕೊಡುವಿರಾ ಎಂದು ಕಚೇರಿಗೆ ಬರೆದೆ, ಇಲ್ಲವೆಂದು ಉತ್ತರ ಬಂತು. ಊಟಕ್ಕೆ ಕೂತಾಗ ಸುಗಂಧಿ ಎಂದಿನಂತೆ ಬಡಿಸಿದಳು, ಎಂದಿನಂತೆ ಮಾತಾಡಿದಳು, ಆದರೆ ತಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅರ್ಜಿ ಹಾಗೆಯೇ ಕಿಟಕಿಯ ಬಳಿ ಬಿದ್ದಿತ್ತು.

ಹತ್ತನೆಯ ದಿನ ತಾರಿಣಿ ಅದನ್ನು ಕೈಗೆತ್ತಿಕೊಂಡಳು. "ನನ್ನ ಹೆಸರು ತೆಗೀತೇನೆ ಅಮ್ಮ. ನನಗೆ ಮುಂದಿನ ಸರದಿ ಉಂಟು. ಅಪ್ಪನಿಗೂ ನಿನಗೂ ಇದೇ ಕೊನೆಯದ್ದು."

"ಬೇಡ," ಎಂದಳು ಸುಗಂಧಿ. ದನಿ ಜೋರಿರಲಿಲ್ಲ. "ಈಗ ನೀನು ಬಿಟ್ಟರೆ ಇನ್ನು ಮೂವತ್ತು ವರ್ಷ ನೀನೇ ಹಿಡಿಯುವುದು. ನನಗೆ ಗೊತ್ತುಂಟು ಅದು ಹೇಗೆ ಶುರುವಾಗ್ತದೆ ಅಂತ."

ನಾನು ಬಾಗಿಲ ಬಳಿ ನಿಂತಿದ್ದೆ. ಗಾಳಿ ಓದುವುದೇ ನನ್ನ ಕಸುಬು ಎಂದು ಬೀಗಿದವನು ನನ್ನದೇ ಮನೆಯಲ್ಲಿ ಏನೂ ಓದಿರಲಿಲ್ಲ. ಒಳಗೆ ಬಂದು, ಅಲ್ಲೇ ಕೂತಿದ್ದ ಇಂಚರಳ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಯಾರೂ ಹೊಗಳಲಿಲ್ಲ. ಸುಗಂಧಿ, "ಹಾಗಾದರೆ ಚಿಕ್ಕ ಪಟ ಒಂದು ಹೊಲಿಯಬೇಕು," ಎಂದಷ್ಟೇ ಹೇಳಿ ಎದ್ದುಹೋದಳು.

ಹವಳಕುದ್ರಿನಲ್ಲಿ ಇಳಿದ ಮೊದಲ ದಿನವೇ ಒಳ್ಳೆಯ ಗಾಳಿ. ತಾರಿಣಿಯ ಪಟ ಹಿಡಿಯಲು ನಾನು ನಿಂತೆ. ಇದರಲ್ಲಿ ಕಲಿಯುವುದೇನು ಎಂದುಕೊಂಡಿದ್ದೆ. ಅವಳು ಹೆಬ್ಬೆರಳು ಎತ್ತಿದಳು, ನಾನು ಪಟವನ್ನು ಹುರುಪಿನಿಂದ ಮೇಲಕ್ಕೆ ಎಸೆದೆ. ಅದು ಮಗುಚಿ ಗಿರಕಿ ಹೊಡೆದು ಮರಳಿಗಪ್ಪಳಿಸುವಾಗ ತಾರಿಣಿಯನ್ನು ಎರಡು ಮಾರು ಎಳೆದೊಯ್ದಿತು. ಮಂಡಿಯ ಚರ್ಮ ಕಿತ್ತುಬಂತು.

ಸುಗಂಧಿ ಮೊದಲು ಮಗಳ ಮಂಡಿ ತೊಳೆದಳು, ಆಮೇಲೆ ನನ್ನತ್ತ ಬಂದಳು. "ಎಸೆಯುವುದಲ್ಲ ಮಾರಾಯ್ರೆ. ಗಾಳಿ ಎತ್ತುವುದು ಕೈಗೆ ಗೊತ್ತಾಗ್ತದೆ. ಆಗ ಬಿಟ್ಟರೆ ಸಾಕು, ಅದೇ ಹೋಗ್ತದೆ." ನನ್ನ ಎರಡೂ ಕೈಗಳನ್ನು ಪಟದ ದಪ್ಪ ಅಂಚಿನ ಮೇಲೆ ಇಟ್ಟು, ಗಾಳಿ ಅದನ್ನು ಮೆಲ್ಲನೆ ಎತ್ತುವವರೆಗೂ ಹಾಗೇ ಹಿಡಿದಳು. ಅಷ್ಟು ವರ್ಷ ಆ ಪಟದ ಇನ್ನೊಂದು ತುದಿಯಲ್ಲಿದ್ದವನಿಗೆ ಅದು ಹೀಗೆ ಉಸಿರಾಡುತ್ತದೆಂದು ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಮಗಳೂ ಮೊಮ್ಮಗಳೂ ಅವಳಿಗೆ ಕಲಿಸಿದರು. ಹಲಗೆಯಿಲ್ಲದೆ, ಪಟಕ್ಕೆ ನೇತು ನೀರಿನಲ್ಲಿ ಎಳೆಸಿಕೊಳ್ಳುವುದು ಮೊದಲ ಪಾಠ. ಅವಳು ಮುಳುಗಿದಳು, ಉಪ್ಪುನೀರು ಕುಡಿದು ಕೆಮ್ಮಿದಳು, ಮತ್ತೆ ಹೋದಳು. ಎರಡನೆಯ ದಿನ, ಮೂರನೆಯ ದಿನ ಗಾಳಿಯೇ ಇಲ್ಲ. ತೆಂಗಿನ ಗರಿ ಅಲುಗಲಿಲ್ಲ. ಹವಳ ನೆಡುವವರು ನಮಗೆ ಸೂರೆ ಎಂಬ ಮೀನಿನ ಸಾರು ಮಾಡಿಕೊಟ್ಟರು. ಸುಗಂಧಿ ಮರಳಿನ ಮೇಲೆ ಹಲಗೆಯಿಟ್ಟು ಕೂರುವುದು, ಏಳುವುದು, ಕೂರುವುದು, ಏಳುವುದು. ನಮಗಿದ್ದ ಐದು ದಿನದಲ್ಲಿ ಉಳಿದ ಎರಡು ದಿನವೂ ಗಾಳಿ ಬಾರದಿದ್ದರೆ ಏನಂತೆ ಎಂದು ಒಂದು ಗಳಿಗೆ ನನ್ನ ಮನಸ್ಸಿಗೆ ಬಂತು. ಅದನ್ನು ನಾನು ಈವರೆಗೆ ಅವಳಿಗೆ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಾಲ್ಕನೆಯ ದಿನ ಹತ್ತು ಗಂಟೆಯ ಹೊತ್ತಿಗೆ ದಡಕ್ಕೆ ಅಡ್ಡವಾಗಿ ಹದವಾದ ಗಾಳಿ ಎದ್ದಿತು. ಸುಗಂಧಿಯ ಪಟ ಹಿಡಿದು ನಿಂತೆ. ಅವಳು ಹೆಬ್ಬೆರಳು ಎತ್ತಿದಳು. ಗಾಳಿ ಎತ್ತುವವರೆಗೆ ಕಾದು ಕೈಬಿಟ್ಟೆ. ಹನ್ನೊಂದು ಸಲ ಬಿದ್ದಳು. ಇಂಚರ ನೀರಲ್ಲೇ ನಿಂತು, "ಅಜ್ಜೀ, ಕಾಲು ನೋಡಬೇಡ, ದೂರ ನೋಡು!" ಎಂದು ಕೂಗುತ್ತಿದ್ದಳು. ಹನ್ನೆರಡನೆಯ ಸಲ ಎದ್ದಳು. ಎದ್ದವಳು ಬೀಳಲಿಲ್ಲ. ಮೊದಲು ಬೆನ್ನು ಬಾಗಿತ್ತು, ಆಮೇಲೆ ನೆಟ್ಟಗಾಯಿತು. ಹಸಿರು ನೀರಿನ ಮೇಲೆ ಬಿಳಿ ಗೆರೆ ಎಳೆಯುತ್ತ ಹವಳದ ಗೋಡೆಯ ಹತ್ತಿರದವರೆಗೂ ಹೋದಳು. ಅಷ್ಟು ದೂರದಿಂದಲೂ ಅವಳು ನಗುವುದು ನನಗೆ ಕೇಳಿಸಿತು.

ಆಗ ನನ್ನ ಕಣ್ಣು ದಿಗಂತದತ್ತ ಹೋಯಿತು. ಪಡುವಣದಲ್ಲಿ ನೀರಿನ ಬಣ್ಣ ಒಂದು ಪಟ್ಟಿಯಷ್ಟು ಕಪ್ಪಾಗಿತ್ತು. ಬಿರುಗಾಳಿ ಬರುವ ಗುರುತು ಅದು. ಹೆಚ್ಚೆಂದರೆ ಐದು ನಿಮಿಷ. ಎರಡೂ ಕೈ ಎತ್ತಿ ಬೀಸಿದೆ, ಕೂಗಿದೆ. ಅವಳು ನೋಡಲಿಲ್ಲ. ಅವಳ ಆ ಒಂದು ದೇಹ ಬಿಟ್ಟು ಆ ಕಡಲಿನಲ್ಲಿ ಬೇರೇನೂ ನನಗೆ ಕಾಣಲಿಲ್ಲ. ನಾನು ಅಲೆಯ ಮೇಲೆ ಹಾರಿ ಕುಣಿಯುತ್ತಿದ್ದ ಅಷ್ಟೂ ವರ್ಷ ಅವಳು ಪ್ರತಿ ಸಲ ಹೀಗೆ ನಿಂತಿದ್ದಳು. ಒಂದು ದಿನವೂ ನಾನು ಅವಳನ್ನು, ಭಯವಾಯಿತಾ ಎಂದು ಕೇಳಿರಲಿಲ್ಲ.

ಕಡೆಗೆ ತಿರುಗಿದಳು, ಕಂಡಳು, ದಡದತ್ತ ಬಂದಳು. ಮೊಣಕಾಲುದ್ದದ ನೀರಿನಲ್ಲಿ ನಿಂತು ತಲೆ ತಟ್ಟಿಕೊಂಡಾಗ ಗಾಳಿಯ ಮೊದಲ ಹೊಡೆತ ಬಿದ್ದೇಬಿಟ್ಟಿತು. ಪಟ ಓಲಾಡುತ್ತ ಇಳಿಯುತ್ತಿತ್ತು. ಓಡಿದೆ. ಅಂಚನ್ನು ಹಿಡಿದೆ, ಅದು ನನ್ನನ್ನು ಎತ್ತಿ ಹವಳದ ಚೂರುಗಳ ಮೇಲೆ ಕೆಡವಿತು. ಅಪ್ಪಿಕೊಂಡು ಅದರ ಮೇಲೇ ಮಲಗಿದೆ, ಬಿಡಲಿಲ್ಲ. ತಾರಿಣಿ ಬಂದು ಅಮ್ಮನ ಪಟ್ಟಿಯ ಕೊಕ್ಕೆ ಬಿಡಿಸಿದಳು.

ಸುಗಂಧಿ ನನ್ನ ಪಕ್ಕದಲ್ಲಿ ಬಂದು ಕೂತಳು. ಗಾಳಿ ಮರಳನ್ನು ನಮ್ಮ ಮುಖಕ್ಕೆ ಎರಚುತ್ತಿತ್ತು. ನನ್ನ ಮೊಣಕೈಯಿಂದ ರಕ್ತ ಸೋರುತ್ತಿತ್ತು.

"ಹೆದರಿದಿರಾ?" ಎಂದು ಕೇಳಿದಳು.

"ಹೌದು," ಎಂದೆ.

ಅವಳು ನನ್ನ ಮೊಣಕೈಗೆ ಅಂಟಿದ ಮರಳು ಒರೆಸುತ್ತ, "ಅಭ್ಯಾಸ ಆಗುವುದಿಲ್ಲ ಅದು," ಎಂದಳು.

ಐದನೆಯ ದಿನವೂ ಅವಳು ನೀರಿಗಿಳಿದಳು. ನಾನು ಬಿಟ್ಟೆ, ನಾನು ಹಿಡಿದೆ. ನಂತರ ನನಗೆ ಅರವತ್ತೈದು ತುಂಬಿತು. ತ್ಯಾಗ ಮಾಡಿ ಸಂತೋಷಪಟ್ಟೆನೆಂದು ನಾನು ಬರೆಯಲಾರೆ. ಆ ತಿಳಿನೀರಿನ ಮೇಲೆ ಕೊನೆಯದಾಗಿ ಒಂದು ಸುತ್ತು ಹೋಗಲಿಲ್ಲವಲ್ಲ ಎಂಬುದು ಕೆಲವು ಬೆಳಗು ಈಗಲೂ ಕುಟುಕುತ್ತದೆ. ಅದನ್ನು ಸುಗಂಧಿಗೆ ಹೇಳಿದ್ದೇನೆ. "ಕುಟುಕಲಿ, ನನಗೂ ಕುಟುಕ್ತಿತ್ತು," ಎಂದಳು.

ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮಗೆ ಚೀಟಿಯಿಲ್ಲ, ಸರದಿಯಿಲ್ಲ, ದ್ವೀಪಗಳು ಇನ್ನೂ ನೀರಿನ ಮೇಲಿವೆ ಎಂದು ಕೇಳಿದ್ದೇನೆ. ಮಕ್ಕಳುಮರಿ ಕಟ್ಟಿಕೊಂಡು ಹೊರಡಿ, ಆಡಿ. ಆದರೆ ಹೊರಡುವ ಮೊದಲು, ಒಣಬಟ್ಟೆ ಹಿಡಿದು ದಡದಲ್ಲಿ ಕಾಯುವವರು ಯಾರೆಂದು ಒಮ್ಮೆ ನೋಡಿ, ಅವರನ್ನು ಕೇಳಿ. ಅವರು ಬೇಡವೆಂದರೆ ಇನ್ನೊಮ್ಮೆ ಕೇಳಿ. ನಾನು ಕೇಳಿದವನಲ್ಲ, ಕೇಳಿಸಿಕೊಂಡವನು. ಅದೂ ತಡವಾಗಿ.

ಬುಧವಾರ ಸುಗಂಧಿ ಕೇರಿಯ ಇನ್ನೂ ಮೂವರು ಹೆಂಗಸರನ್ನು ಕರೆದುಕೊಂಡು ಉತ್ತರದ ಅಳಿವೆಗೆ ಹೊರಟಿದ್ದಾಳೆ, ಪಟಸವಾರಿ ಕಲಿಸಲು. ಮೂವರೂ ಅರವತ್ತರ ಆಸುಪಾಸಿನವರು. ದಡಕ್ಕೆ ಒಬ್ಬರು ಬೇಕಂತೆ. "ನಿಮಗೆ ಬರಲು ಮನಸ್ಸುಂಟಾ? ಇಲ್ಲದಿದ್ದರೆ ಬೇರೆಯವರನ್ನು ನೋಡ್ತೇನೆ," ಎಂದು ನಿನ್ನೆ ಕೇಳಿದಳು. ಯೋಚಿಸಿ ಹೇಳುತ್ತೇನೆಂದೆ. ಯೋಚಿಸಿಯಾಯಿತು. ಈ ಕಾಗದ ಮಡಚಿಟ್ಟು, ಒಳಗೆ ಹೋಗಿ, ದಡಕ್ಕೆ ನಾನೇ ಬರುತ್ತೇನೆಂದು ಅವಳಿಗೆ ಹೇಳಬೇಕು.

ನಿಮಗೆ ಒಳ್ಳೆಯ ಗಾಳಿ ಸಿಗಲಿ.

ಭುಜಂಗ ಕರ್ಕೇರ